ಅಪ್ಪನ ಜೊತೆ ಮೇಟ್‌ವಾನ್‌ಗೆ

ಮೊದಲನೇ ದಿನ

ಅಪ್ಪ ಊರಿನಿಂದ ಬಂದು ಎರಡು ತಿಂಗಳಾಗಿತ್ತು. ನಯಾಗರಾ ಆಯ್ತು, ವಾಷಿಂಗ್ಟನ್ ಆಯ್ತು, ಸುತ್ತಮುತ್ತಲ ದೇವಸ್ಥಾನಗಳೂ ಆದವು. "ಇನ್ನೇನು ನೋಡಬೇಕು ಅಪ್ಪ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲ್ಲೆಲ್ಲೂ ಗಣಿ ಊರು ಇಲ್ವೇನಮ್ಮ?" ಅಂದರು.

ಅಪ್ಪ ಹುಟ್ಟಿ ಬೆಳೆದದ್ದು ಕೆಜಿಎಫ್‌ನ ಲೈನ್ ಮನೆಯಲ್ಲಿ. ನಮ್ಮ ತಾತ ಮೂವತ್ತೊಂದು ವರ್ಷ ಚಿನ್ನದ ಗಣಿಗೆ ಇಳಿದವರು. ಅಪ್ಪ ಓದಿ ಮೇಷ್ಟ್ರಾಗಿ ಬಂಗಾರಪೇಟೆಗೆ ಬಂದರು. ಆದರೂ ಗಣಿ ಅವರನ್ನು ಬಿಟ್ಟಿಲ್ಲ. ಎಲ್ಲಾದರೂ ಸೈರನ್ ಕೂಗಿದರೆ ಇವತ್ತಿಗೂ ಕೈ ತಾನಾಗೇ ಗಡಿಯಾರದ ಕಡೆ ಹೋಗುತ್ತದೆ. "ಎರಡನೇ ಶಿಫ್ಟ್" ಅನ್ನುತ್ತಾರೆ.

ನಾವಿರುವ ಷಾರ್ಲಟ್‌ನಿಂದ ಉತ್ತರಕ್ಕೆ ನಾಲ್ಕು ಗಂಟೆ ಕಾರು ಓಡಿಸಿದರೆ ವೆಸ್ಟ್ ವರ್ಜೀನಿಯಾದ ಕಲ್ಲಿದ್ದಲ ಸೀಮೆ ಸಿಗುತ್ತದೆ. ಅಲ್ಲಿ ಮೇಟ್‌ವಾನ್ ಅಂತ ಒಂದು ಪುಟ್ಟ ಊರಿದೆ. ಆ ಊರಿನ ಕತೆ ನಾನು ಓದಿದ್ದೆ. ಅಪ್ಪನಿಗೆ ಹೇಳಿರಲಿಲ್ಲ. ಅಲ್ಲೇ ನಿಂತು ಕೇಳಲಿ ಅಂತ.

ಅಕ್ಟೋಬರ್ ಎರಡನೇ ವಾರ. ಅಮ್ಮ ಮೊಮ್ಮಗನ ಜೊತೆ ಮನೆಯಲ್ಲೇ ಉಳಿದರು. ಎರಡು ಡಬ್ಬಿ ತುಂಬ ಪುಳಿಯೋಗರೆ ಕಟ್ಟಿಕೊಟ್ಟರು. ಬೆಳಿಗ್ಗೆ ಏಳಕ್ಕೆ ಹೊರಟು ಇಂಟರ್‌ಸ್ಟೇಟ್ 77 ಹಿಡಿದೆವು. ವರ್ಜೀನಿಯಾ ಗಡಿ ದಾಟಿದ ಮೇಲೆ ಘಾಟಿ ಶುರು. ದಾರಿಯಲ್ಲಿ ಎರಡು ದೊಡ್ಡ ಸುರಂಗ ಬರುತ್ತವೆ. ಎರಡನೆಯದರ ಒಳಗೇ ರಾಜ್ಯ ಬದಲಾಗುತ್ತದೆ. ಹೊಕ್ಕಾಗ ವರ್ಜೀನಿಯಾ, ಹೊರಬಂದಾಗ ವೆಸ್ಟ್ ವರ್ಜೀನಿಯಾ. ಅಪ್ಪ ಕಿಟಕಿ ಇಳಿಸಿ ಸುರಂಗದ ಗಾಳಿ ಮೂಸಿದರು.

ಬ್ಲೂಫೀಲ್ಡ್‌ನಲ್ಲಿ ಹೆದ್ದಾರಿ ಬಿಟ್ಟು 52ನೇ ನಂಬರಿನ ರಸ್ತೆಗೆ ಇಳಿದರೆ ಲೋಕವೇ ಬೇರೆ. ಬೆಟ್ಟಗಳು ಎರಡೂ ಕಡೆಯಿಂದ ಒತ್ತಿಕೊಂಡು ಬರುತ್ತವೆ. ನಡುವೆ ಇರುವ ಸಂದಿಯಲ್ಲೇ ಹಳ್ಳ ಹರಿಯಬೇಕು, ರೈಲು ಓಡಬೇಕು, ರಸ್ತೆ ಸಾಗಬೇಕು, ಜನ ಮನೆ ಕಟ್ಟಬೇಕು. ಇಂಥ ಸಂದಿ ಕಣಿವೆಗೆ ಇಲ್ಲಿಯವರು 'ಹಾಲರ್' ಅನ್ನುತ್ತಾರೆ. ಮರಗಳೆಲ್ಲ ಕುಂಕುಮ, ಅರಿಶಿನದ ಬಣ್ಣಕ್ಕೆ ತಿರುಗಿದ್ದವು. ಅಪ್ಪ ಮರ ನೋಡಲಿಲ್ಲ. ಒಂದೇ ಅಳತೆಯ, ಒಂದೇ ಆಕಾರದ, ಒಂದರ ಪಕ್ಕ ಒಂದು ನಿಂತ ಮರದ ಮನೆಗಳನ್ನೇ ನೋಡುತ್ತಿದ್ದರು. "ಲೈನ್ ಮನೆಗಳು" ಅಂದರು. ನಾನೇನೂ ವಿವರಿಸಬೇಕಾಗಲಿಲ್ಲ. ಕಂಪನಿ ಕಟ್ಟಿಸಿ ಕಾರ್ಮಿಕರಿಗೆ ಬಾಡಿಗೆಗೆ ಕೊಟ್ಟ ಮನೆಗಳೇ ಅವು. ಎಷ್ಟೋ ಮನೆಗಳ ಸೂರು ಕುಸಿದಿದೆ. ಒಂದು ಮನೆಯ ಒಳಗಿಂದ ಮರವೇ ಬೆಳೆದು ಹೊರಗೆ ಬಂದಿತ್ತು. ಅದರ ಪಕ್ಕದ ಮನೆಯಲ್ಲಿ ಬಟ್ಟೆ ಒಣಹಾಕಿದ್ದರು.

ಕಿಂಬಲ್ ಅನ್ನುವ ಊರಿನಲ್ಲಿ ಕಂಬಗಳಿರುವ ಒಂದು ಗಂಭೀರ ಕಟ್ಟಡ ಕಂಡು ನಿಲ್ಲಿಸಿದೆವು. ಮೊದಲ ಮಹಾಯುದ್ಧದಲ್ಲಿ ಹೋರಾಡಿದ ಕಪ್ಪು ಸೈನಿಕರ ನೆನಪಿಗೆ 1928ರಲ್ಲಿ ಕಟ್ಟಿಸಿದ್ದು. ಈ ಬೆಟ್ಟಗಳಲ್ಲಿ ಇಷ್ಟೊಂದು ಕಪ್ಪು ಜನ ಇದ್ದರಾ ಅಂತ ಅಪ್ಪ ಕೇಳಿದರು. ಇದ್ದರು. ದಕ್ಷಿಣದ ರಾಜ್ಯಗಳಿಂದ ಅವರು, ಇಟಲಿ, ಹಂಗೇರಿ, ಪೋಲೆಂಡಿನಿಂದ ಬಂದವರು, ಬೆಟ್ಟದ ಹಳೆಯ ಬಿಳಿ ರೈತರು, ಎಲ್ಲರೂ ಒಂದೇ ಗಣಿಗೆ ಇಳಿದರು. "ನಮ್ಮಲ್ಲೂ ಹಾಗೇ ಅಲ್ವಾ" ಅಂದರು ಅಪ್ಪ. "ತಮಿಳರು, ತೆಲುಗರು, ನಾವು, ಆಂಗ್ಲೋ ಇಂಡಿಯನ್ನರು. ಮೇಲೆ ಕಾರ್ನ್‌ವಾಲ್‌ನ ಇಂಗ್ಲಿಷರು."

ಮಧ್ಯಾಹ್ನಕ್ಕೆ ವೆಲ್ಚ್ ತಲುಪಿದೆವು. ಇದು ಮ್ಯಾಕ್‌ಡೊವೆಲ್ ಕೌಂಟಿಯ ಮುಖ್ಯ ಊರು. ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ. 1950ರಲ್ಲಿ ಈ ಕೌಂಟಿಯಲ್ಲಿ ಹತ್ತಿರ ಹತ್ತಿರ 1 ಲಕ್ಷ ಜನ ಇದ್ದರು. 2020ರ ಗಣತಿಯಲ್ಲಿ 20,000ಕ್ಕೂ ಕಡಿಮೆ. ಸಂಖ್ಯೆ ಓದುವುದು ಬೇರೆ, ಅದರೊಳಗೆ ನಡೆಯುವುದು ಬೇರೆ. ನಾಲ್ಕು ಅಂತಸ್ತಿನ ಚಂದದ ಇಟ್ಟಿಗೆ ಕಟ್ಟಡಗಳು, ಕೆಳಗೆ ಅಂಗಡಿಗಳ ಗಾಜು, ಗಾಜಿನ ಹಿಂದೆ ಬರೀ ಕತ್ತಲು. ನಡುಹಗಲಲ್ಲಿ ನಮ್ಮ ಚಪ್ಪಲಿ ಸದ್ದು ನಮಗೇ ಕೇಳುತ್ತಿತ್ತು. ಯಂತ್ರಗಳು ಬಂದ ಮೇಲೆ ನೂರು ಜನರ ಕೆಲಸಕ್ಕೆ ಹತ್ತು ಜನ ಸಾಕಾದರು. ಉಳಿದವರು ಡೆಟ್ರಾಯಿಟ್, ಒಹಾಯೋ ಕಡೆ ಬಸ್ಸು ಹತ್ತಿದರು. 1961ರಲ್ಲಿ ಅಮೆರಿಕ ಸರ್ಕಾರ ಬಡವರಿಗೆ ಆಹಾರ ಕೊಳ್ಳಲು ನೆರವಾಗುವ ಹೊಸ ಫುಡ್ ಸ್ಟ್ಯಾಂಪ್ ಯೋಜನೆ ಶುರುಮಾಡಿದಾಗ ಮೊಟ್ಟಮೊದಲು ಅದನ್ನು ಪಡೆದದ್ದು ಇದೇ ಕೌಂಟಿಯ ಒಂದು ಕುಟುಂಬ. ಇಡೀ ದೇಶದ ಉಕ್ಕಿನ ಕುಲುಮೆಗೆ ಕಲ್ಲಿದ್ದಲು ಕಳಿಸಿದ ಸೀಮೆ ಇದು.

ಊರಿನ ಮೇಲೆ ದಿಬ್ಬದಲ್ಲಿ ಕಲ್ಲಿನ ಕೋರ್ಟು ಇದೆ. ಅಲ್ಲಿಗೆ ಹತ್ತಲು ಕಲ್ಲಿನ ಮೆಟ್ಟಿಲು. 1921ರ ಆಗಸ್ಟ್ 1ರಂದು ಸಿಡ್ ಹ್ಯಾಟ್‌ಫೀಲ್ಡ್ ಮತ್ತು ಎಡ್ ಚೇಂಬರ್ಸ್ ಅನ್ನುವ ಇಬ್ಬರು ಯುವಕರು ಕೇಸೊಂದರ ವಿಚಾರಣೆಗೆ ಈ ಮೆಟ್ಟಿಲು ಹತ್ತುತ್ತಿದ್ದರು. ಪಕ್ಕದಲ್ಲಿ ಹೆಂಡತಿಯರು. ಕೈಯಲ್ಲಿ ಆಯುಧ ಇರಲಿಲ್ಲ. ಮೇಲೆ ಕಾದು ನಿಂತಿದ್ದವರು ಗುಂಡು ಹಾರಿಸಿದರು. ಎಡ್‌ನ ಹೆಂಡತಿ ಸ್ಯಾಲಿ, ಬಿದ್ದ ಗಂಡನಿಗೆ ಮತ್ತೆ ಗುಂಡಿಡಲು ಬಂದವನನ್ನು ತನ್ನ ಕೊಡೆಯಿಂದಲೇ ಹೊಡೆದಳು. ಕೊಂದವರಿಗೆ ಶಿಕ್ಷೆ ಆಗಲೇ ಇಲ್ಲ.

ಅಪ್ಪ ಮೊಣಕಾಲು ಹಿಡಿದುಕೊಂಡು ಆ ಮೆಟ್ಟಿಲುಗಳನ್ನು ಪೂರ್ತಿ ಹತ್ತಿದರು. "ಯಾರು ಇವರು? ಏನು ಮಾಡಿದ್ದರು?" ಅಂದರು. "ನಾಳೆ ಹೇಳ್ತೀನಿ, ಅವರ ಊರಲ್ಲೇ" ಅಂದೆ.

ರಾತ್ರಿ ವಿಲಿಯಮ್ಸನ್‌ನಲ್ಲಿ ಉಳಿದೆವು. ಅಲ್ಲಿ ಕೋರ್ಟಿನ ಪಕ್ಕದಲ್ಲೇ ಕಲ್ಲಿದ್ದಲಿನಿಂದ ಕಟ್ಟಿದ ಮನೆ ಇದೆ. 1933ರಲ್ಲಿ 65 ಟನ್ ಕಲ್ಲಿದ್ದಲು ಕಡಿದು ಕಟ್ಟಿದ್ದು. 2010ರಲ್ಲಿ ಬೆಂಕಿ ಬಿದ್ದಿತ್ತು, ಮತ್ತೆ ಸರಿಪಡಿಸಿದ್ದಾರೆ. ಬೀದಿದೀಪದ ಬೆಳಕಿಗೆ ಅದರ ಗೋಡೆ ಎಣ್ಣೆ ಹಚ್ಚಿದ ರೊಟ್ಟಿ ಹಂಚಿನ ಹಾಗೆ ಮಿರುಗುತ್ತಿತ್ತು.

ಎರಡನೇ ದಿನ

ವಿಲಿಯಮ್ಸನ್‌ನಿಂದ ಟಗ್ ನದಿಯ ಮೇಲ್ಮುಖವಾಗಿ ಹೋದರೆ ಮೇಟ್‌ವಾನ್. ನದಿಯ ಆಚೆ ದಂಡೆ ಕೆಂಟಕಿ ರಾಜ್ಯ, ಈಚೆ ದಂಡೆ ವೆಸ್ಟ್ ವರ್ಜೀನಿಯಾ. ಊರು ಅಂದರೆ ಮುಖ್ಯವಾಗಿ ಒಂದು ಬೀದಿ. 2020ರ ಗಣತಿ ಪ್ರಕಾರ 412 ಜನ. ಇಟ್ಟಿಗೆ ಕಟ್ಟಡಗಳ ಸಾಲು, ಅದರ ಬೆನ್ನಿಗೆ ರೈಲು ಹಳಿ, ನದಿ ಕಡೆ ಊರನ್ನು ತಬ್ಬಿಕೊಂಡ ಹಾಗೆ ಎತ್ತರದ ಕಾಂಕ್ರೀಟ್ ಗೋಡೆ. 1977ರ ಏಪ್ರಿಲ್‌ನಲ್ಲಿ ನದಿ ಉಕ್ಕಿ ಇಡೀ ಊರು ಮುಳುಗಿತ್ತು. ಅದಾದ ಇಪ್ಪತ್ತು ವರ್ಷಕ್ಕೆ, 1997ರಲ್ಲಿ, ಈ ಗೋಡೆ ಮುಗಿಯಿತು. ಗೋಡೆಯ ಮೇಲೆ ಊರಿನ ಕತೆಯನ್ನೇ ಉಬ್ಬುಚಿತ್ರವಾಗಿ ಮೂಡಿಸಿದ್ದಾರೆ.

ನಾವು ಹೋದಾಗ ಬೀದಿ ತುಂಬ ಕೆಸರು ಮೆತ್ತಿದ ನಾಲ್ಕು ಚಕ್ರದ ಎಟಿವಿ ಗಾಡಿಗಳು. ಬೆಟ್ಟದ ಹಳೆಯ ಗಣಿ ದಾರಿಗಳಲ್ಲೇ ಇವುಗಳನ್ನು ಓಡಿಸುವ ಹ್ಯಾಟ್‌ಫೀಲ್ಡ್-ಮೆಕಾಯ್ ಟ್ರೈಲ್ಸ್ 2000ದಲ್ಲಿ ಶುರುವಾಯ್ತು. ದೂರದೂರದಿಂದ ಜನ ಬರುತ್ತಾರೆ. ಹೆಸರು ಬಂದದ್ದು ಇಲ್ಲಿ ಎರಡು ಮನೆತನಗಳ ನಡುವೆ ನಡೆದ ಹಳೇ ದ್ವೇಷದಿಂದ. 1882ರಲ್ಲಿ ಮೆಕಾಯ್ ಮನೆಯ ಮೂವರು ಅಣ್ಣತಮ್ಮಂದಿರನ್ನು ಆಚೆ ದಂಡೆಯಲ್ಲಿ ಮರಕ್ಕೆ ಕಟ್ಟಿ ಕೊಂದರು. ಪ್ರವಾಸಿಗರು ಹೆಚ್ಚಾಗಿ ಕೇಳುವುದು ಆ ಕತೆಯನ್ನೇ. ನನಗೆ ಅದಕ್ಕಿಂತ ಗಣಿಯವರ ಕತೆಯೇ ದೊಡ್ಡದು. ಅದನ್ನೇ ಹೇಳುತ್ತೇನೆ.

ಗಣಿ ಕಾರ್ಮಿಕರ ಹೋರಾಟದ ಮ್ಯೂಸಿಯಂ ಒಂದು ಹಳೇ ಬ್ಯಾಂಕ್ ಕಟ್ಟಡದಲ್ಲಿದೆ. ಊರಿನವರೂ, ಗಣಿ ಕುಟುಂಬದವರೂ, ಈ ಚರಿತ್ರೆ ಓದಿದವರೂ ಸೇರಿ 2015ರಲ್ಲಿ ಶುರುಮಾಡಿದ್ದು. ಒಳಗೆ ಒಬ್ಬ ಹೆಂಗಸು ಇದ್ದರು. ಅವರ ತಾತನೂ ಗಣಿಯವರು. ಅಪ್ಪ ಅವರಿಗೆ "ಮೈ ಫಾದರ್, ಗೋಲ್ಡ್ ಮೈನ್, ಇಂಡಿಯಾ" ಅಂದಿದ್ದೇ ತಡ, ಟಿಕೆಟ್ ಪುಸ್ತಕ ಪಕ್ಕಕ್ಕಿಟ್ಟು ಎದ್ದು ಬಂದರು. ಎಷ್ಟು ಆಳ ಅಂತ ಕೇಳಿದರು. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಜಾಸ್ತಿ ಆಳ ಅಂದಾಗ ಅವರು ಎದೆ ಮೇಲೆ ಕೈ ಇಟ್ಟುಕೊಂಡರು. ಇಲ್ಲಿ ಗಣಿ ಅಂದರೆ ಬೆಟ್ಟದ ಹೊಟ್ಟೆಗೆ ಅಡ್ಡಡ್ಡ ಹೋಗುವುದೇ ಹೆಚ್ಚು. ಕಲ್ಲಿದ್ದಲ ಪದರ ಎಷ್ಟು ದಪ್ಪವೋ ಅಷ್ಟೇ ಎತ್ತರದ ಜಾಗ. ಎಷ್ಟೋ ಕಡೆ ಮೂರು ಅಡಿ. ಮಂಡಿಯೂರಿ, ಮಲಗಿ ಕೆಲಸ ಮಾಡಬೇಕು.

ಗಾಜಿನ ಪೆಟ್ಟಿಗೆಯಲ್ಲಿ ಬಿಲ್ಲೆಗಳಿದ್ದವು. 'ಸ್ಕ್ರಿಪ್' ಅನ್ನುತ್ತಾರೆ. ಕಂಪನಿಯೇ ಅಚ್ಚು ಹಾಕಿಸಿದ ನಾಣ್ಯ. ಸಂಬಳಕ್ಕೆ ಮುಂಚೆ ದುಡ್ಡು ಬೇಕಾದರೆ ಇದನ್ನೇ ಕೊಡುತ್ತಿದ್ದರು. ನಡೆಯುವುದು ಕಂಪನಿ ಅಂಗಡಿಯಲ್ಲಿ ಮಾತ್ರ. ಮನೆ ಕಂಪನಿಯದು, ಅಂಗಡಿ ಕಂಪನಿಯದು, ಡಾಕ್ಟರ್ ಕಂಪನಿಯವನು. ಕೂಲಿ ಗಂಟೆ ಲೆಕ್ಕದಲ್ಲಲ್ಲ, ಟನ್ ಲೆಕ್ಕದಲ್ಲಿ. ತೂಕ ಹಾಕುವವನೂ ಕಂಪನಿಯವನೇ. ಸೂರು ಕುಸಿಯದ ಹಾಗೆ ಮರದ ಕಂಬ ನಿಲ್ಲಿಸುವ ಕೆಲಸಕ್ಕೆ ಕೂಲಿಯೇ ಇಲ್ಲ. ಅಪ್ಪ ಕನ್ನಡಕ ಒರೆಸಿ ಒಂದೊಂದನ್ನೂ ನಿಧಾನವಾಗಿ ನೋಡಿದರು.

1920ರ ವಸಂತದಲ್ಲಿ ಇಲ್ಲಿಯ ಕಾರ್ಮಿಕರು ಯೂನಿಯನ್ ಸೇರಲು ಶುರುಮಾಡಿದರು. ಸೇರಿದವನಿಗೆ ಕೆಲಸ ಇಲ್ಲ. ಮನೆ ಕಂಪನಿಯದಾದ್ದರಿಂದ ಮನೆಯೂ ಇಲ್ಲ. ಮೇ 19ರಂದು ಸ್ಟೋನ್ ಮೌಂಟನ್ ಕಂಪನಿಯ ಪರವಾಗಿ ಬಾಲ್ಡ್‌ವಿನ್-ಫೆಲ್ಟ್ಸ್ ಅನ್ನುವ ಖಾಸಗಿ ಏಜೆನ್ಸಿಯ ಆಳುಗಳು ರೈಲಿನಲ್ಲಿ ಬಂದಿಳಿದರು. ಬಂದೂಕು ಹಿಡಿದು ಮನೆ ಖಾಲಿ ಮಾಡಿಸಿದರು. ಪಾತ್ರೆ, ಹಾಸಿಗೆ, ತೊಟ್ಟಿಲು, ಎಲ್ಲ ಬೀದಿಗೆ. ಕೆಲಸ ಮುಗಿಸಿ ಇದೇ ಬೀದಿಯ ಹೋಟೆಲಿನಲ್ಲಿ ಊಟ ಮಾಡಿ ಸಂಜೆ ರೈಲಿಗೆ ಹೊರಟರು.

ಊರಿನ ಪೊಲೀಸ್ ಮುಖ್ಯಸ್ಥ ಸಿಡ್ ಹ್ಯಾಟ್‌ಫೀಲ್ಡ್. ತಾನೂ ಗಣಿಯಲ್ಲಿ ದುಡಿದವನು. ಮೇಯರ್ ಕೇಬೆಲ್ ಟೆಸ್ಟರ್‌ಮನ್. ಇಬ್ಬರನ್ನೂ ಕೊಂಡುಕೊಳ್ಳಲು ನೋಡಿದ್ದರು, ಆಗಿರಲಿಲ್ಲ. ಸಿಡ್ ಆಳುಗಳ ದಾರಿಗೆ ಅಡ್ಡ ನಿಂತ. ಅವರ ನಾಯಕ ಆಲ್ಬರ್ಟ್ ಫೆಲ್ಟ್ಸ್, ನಿನ್ನನ್ನೇ ಹಿಡಿಯಲು ನನ್ನ ಹತ್ತಿರ ವಾರಂಟ್ ಇದೆ ಅಂದ. ಮೇಯರ್ ಅದನ್ನು ಓದಿ, ಇದು ಸುಳ್ಳು ಕಾಗದ ಅಂದ. ಮೊದಲ ಗುಂಡು ಯಾರದು ಅನ್ನುವ ವಾದ ನೂರು ವರ್ಷವಾದರೂ ನಿಂತಿಲ್ಲ. ಹೊಗೆ ಇಳಿಯುವಷ್ಟರಲ್ಲಿ ಹತ್ತು ಜನ ಸತ್ತಿದ್ದರು ಅಥವಾ ಸಾಯುವಂತೆ ಗಾಯಗೊಂಡಿದ್ದರು. ಏಜೆನ್ಸಿಯವರು ಏಳು, ಗಣಿಯವರು ಇಬ್ಬರು, ಮತ್ತೆ ಮೇಯರ್.

ಆ ಹೆಂಗಸು ನಮ್ಮನ್ನು ಹೊರಗೆ ಕರೆದುಕೊಂಡು ಹೋದರು. ರೈಲು ಹಳಿ ಕಡೆಗೆ ಮುಖ ಮಾಡಿದ ಇಟ್ಟಿಗೆ ಗೋಡೆ. ಅದರಲ್ಲಿ ಗುಂಡು ತಗುಲಿದ ಕುಳಿಗಳು ಇವತ್ತಿಗೂ ಇವೆ. ನಾನು ಹತ್ತಿರ ಹೋಗಿ ಬೆರಳಿಟ್ಟೆ. ಕಿರುಬೆರಳಿನ ತುದಿ ಮಾತ್ರ ಹೋಗುತ್ತದೆ. ಅಂಚಿನ ಇಟ್ಟಿಗೆ ಬಟ್ಟಲಿನ ಬಾಯಿ ಹಾಗೆ ನುಣುಪಾಗಿದೆ. ನನ್ನ ಹಾಗೆ ಎಷ್ಟು ಜನ ಬೆರಳಿಟ್ಟಿರಬೇಕು! ಒಂದು ಕುಳಿಯಲ್ಲಿ ಜೇಡ ಮನೆ ಮಾಡಿತ್ತು. ಅಪ್ಪ ಮುಟ್ಟಲಿಲ್ಲ. ಚಪ್ಪಲಿ ಬಿಟ್ಟು ಒಂದು ಹೆಜ್ಜೆ ಹಿಂದೆ ನಿಂತರು.

"ನಿನ್ನೆ ಮೆಟ್ಟಿಲ ಮೇಲೆ ಸತ್ತವನು ಇವನೇ ತಾನೇ?" ಅಂದರು.

ಇವನೇ. ಮೇಟ್‌ವಾನ್ ಗುಂಡಿನ ಕೇಸಿನಲ್ಲಿ 1921ರಲ್ಲಿ ವಿಲಿಯಮ್ಸನ್ ಕೋರ್ಟು ಸಿಡ್‌ನನ್ನೂ ಅವನ ಜೊತೆಯವರನ್ನೂ ಬಿಟ್ಟಿತು. ಅದಾದ ಕೆಲವೇ ತಿಂಗಳಿಗೆ ಬೇರೆ ಕೇಸು, ವೆಲ್ಚ್‌ನ ಮೆಟ್ಟಿಲು. ಅಲ್ಲಿ ಗುಂಡು ಹಾರಿಸಿದವರಲ್ಲಿ ಸಿ. ಇ. ಲೈವ್ಲಿ ಅನ್ನುವವನೊಬ್ಬ. ಇವನು ಇದೇ ಮೇಟ್‌ವಾನ್‌ನಲ್ಲಿ, ಯೂನಿಯನ್ ಆಫೀಸಿನ ಕೆಳಗೇ, ಹೋಟೆಲ್ ಇಟ್ಟುಕೊಂಡಿದ್ದ. ಗಣಿಯವರಿಗೆ ಊಟ ಬಡಿಸುತ್ತಾ, ಅವರ ಮಾತು ಕೇಳಿಸಿಕೊಳ್ಳುತ್ತಾ ಏಜೆನ್ಸಿಗೆ ವರದಿ ಕಳಿಸುತ್ತಿದ್ದ. ಅನ್ನ ಹಾಕುವ ಕೈಯನ್ನೇ ನಂಬಬಾರದು ಅಂದರೆ ಇನ್ಯಾರನ್ನು ನಂಬೋದು? ಸ್ಯಾಲಿ ಕೊಡೆಯಲ್ಲಿ ಹೊಡೆದದ್ದು ಇವನನ್ನೇ.

ಮನೆ ಕಳೆದುಕೊಂಡವರು ಎಲ್ಲಿಗೆ ಹೋದರು ಅಂತ ಅಪ್ಪ ಕೇಳಿದರು. ಸರಿಯಾದ ಪ್ರಶ್ನೆ. ಯೂನಿಯನ್ ಡೇರೆ ಕೊಟ್ಟಿತು. ಹಳ್ಳದ ಬದಿಯಲ್ಲಿ, ಲಿಕ್ ಕ್ರೀಕ್ ಅನ್ನುವಂಥ ಕಡೆ, ಚಳಿಗಾಲ ಪೂರ್ತಿ ಹೆಂಗಸರು ಮಕ್ಕಳು ಬಟ್ಟೆಯ ಗೋಡೆಯೊಳಗೆ ಕಳೆದರು. ಅಕ್ಟೋಬರಿನಲ್ಲೇ ನಮಗೆ ಎರಡು ಸ್ವೆಟರ್ ಬೇಕಾಗಿತ್ತು. ಜನವರಿ ಹೇಗಿರಬೇಕು?

ಮಧ್ಯಾಹ್ನ ಬೀದಿಯ ಒಂದು ಹೋಟೆಲಿಗೆ ಹೋದೆವು. ಸೂಪ್ ಬೀನ್ಸ್ ಮತ್ತು ಜೋಳದ ಬ್ರೆಡ್ಡು ಹೇಳಿದೆ. ಗಣಿ ಮನೆಗಳ ನಿತ್ಯದ ಊಟ. ಕಂದು ಬಣ್ಣದ ಕಾಳನ್ನು ಮೆತ್ತಗೆ ಬೇಯಿಸಿ, ಹಂದಿಕೊಬ್ಬಿನ ಚೂರು ಹಾಕಿ, ಮೇಲೆ ಹಸಿ ಈರುಳ್ಳಿ ಹೆಚ್ಚಿ ಕೊಡುತ್ತಾರೆ. ಅಪ್ಪ ಬ್ರೆಡ್ಡನ್ನು ಕೈಯಲ್ಲಿ ಪುಡಿಮಾಡಿ, ಕಾಳಿನ ರಸಕ್ಕೆ ಹಾಕಿ, ಮುದ್ದೆ ಮುರಿಯುವ ಹಾಗೆ ತುತ್ತು ಮಾಡಿದರು. ಪಕ್ಕದ ಮೇಜಿನ ಅಜ್ಜಿ ಅದನ್ನು ನೋಡಿ ನಕ್ಕು, ನಮ್ಮಪ್ಪ ಹೀಗೇ ತಿನ್ನುತ್ತಿದ್ದರು, ಅಂದರು. ಅವರೂ ಕೈಯಲ್ಲೇ ಪುಡಿಮಾಡಿದರು.

ಊಟ ಆದ ಮೇಲೆ ಮತ್ತೆ ಮ್ಯೂಸಿಯಂ. ಆ ಹೆಂಗಸು ಒಂದು ಮಾತು ಹೇಳಿದರು. ಅವರು ಶಾಲೆಗೆ ಹೋಗುವಾಗ ಪಾಠದ ಪುಸ್ತಕದಲ್ಲಿ ಇದ್ಯಾವುದೂ ಇರಲಿಲ್ಲವಂತೆ. ಮನೆಯಲ್ಲೂ ಹಿರಿಯರು ಬಾಯಿ ಬಿಡುತ್ತಿರಲಿಲ್ಲ. ಯಾರ ತಾತ ಯಾವ ಕಡೆ ನಿಂತಿದ್ದ ಅನ್ನುವುದು ಸಣ್ಣ ಊರಿನಲ್ಲಿ ಸಣ್ಣ ವಿಷಯ ಅಲ್ಲವಲ್ಲ. ಈಗ ಜನ ಅಟ್ಟದಿಂದ ತಾತನ ದೀಪ, ಊಟದ ಡಬ್ಬಿ, ಯೂನಿಯನ್ ಬ್ಯಾಡ್ಜು ತಂದು ಕೊಡುತ್ತಾರೆ. ಗಣಿಯ ಊಟದ ಡಬ್ಬಿ ನೋಡಿದೆ. ದುಂಡಗೆ, ಮೂರು ಅಂತಸ್ತು. ಕೆಳಗಿನದರಲ್ಲಿ ಕುಡಿಯುವ ನೀರು. ಒಳಗೆ ಸೂರು ಬಿದ್ದು ಸಿಕ್ಕಿಹಾಕಿಕೊಂಡರೆ ಆ ನೀರೇ ಜೀವ. ಹಾಗಾಗಿ ಎಷ್ಟೋ ಜನ ಶಿಫ್ಟ್ ಮುಗಿಯುವ ತನಕ ಒಂದಿಷ್ಟು ನೀರು, ಒಂದಿಷ್ಟು ಊಟ ಉಳಿಸಿಕೊಂಡಿರುತ್ತಿದ್ದರು. ಮನೆಗೆ ಬಂದ ಮೇಲೆ ಡಬ್ಬಿಯಲ್ಲಿ ಉಳಿದದ್ದಕ್ಕೆ ಮಕ್ಕಳು ಕಿತ್ತಾಡುತ್ತಿದ್ದರಂತೆ.

"ನಾವೂ" ಅಂದರು ಅಪ್ಪ ಕನ್ನಡದಲ್ಲೇ. "ತಾತನ ಡಬ್ಬೀಲಿ ಉಳಿದ ಚಿತ್ರಾನ್ನಕ್ಕೆ ನಾನೂ ನಿನ್ನ ಚಿಕ್ಕಪ್ಪನೂ ಹೊಡೆದಾಡ್ತಿದ್ವಿ. ಯಾಕೆ ಉಳಿಸ್ತಾರೆ ಅಂತ ನಂಗೆ ಇವತ್ತಿನ ತನಕ ಗೊತ್ತಿರಲಿಲ್ಲ ಕಣಮ್ಮ."

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಆ ಹೆಂಗಸು ಅಪ್ಪನ ಕೈ ಹಿಡಿದುಕೊಂಡರು. ಮೂವರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಬಂದವರು ಹೆಸರು ಬರೆಯುವ ಪುಸ್ತಕ ಕೊಟ್ಟರು. ಅಪ್ಪ ತಮ್ಮ ಹೆಸರು ಬರೆಯಲಿಲ್ಲ. ತಾತನ ಹೆಸರನ್ನು ಕನ್ನಡದಲ್ಲಿ ದುಂಡಗೆ ಬರೆದು, ಕೆಳಗೆ 'ಕೋಲಾರ ಚಿನ್ನದ ಗಣಿ' ಅಂತ ಸೇರಿಸಿದರು.

ಸಂಜೆ ಹಳೆಯದರ ಮಾದರಿಯಲ್ಲೇ ಕಟ್ಟಿರುವ ಸ್ಟೇಷನ್ನಿನ ಹತ್ತಿರ ಕೂತೆವು. ಕಲ್ಲಿದ್ದಲ ರೈಲು ಬಂತು. ಮೊದಲು ನೆಲ ನಡುಗುತ್ತದೆ, ಆಮೇಲೆ ಸದ್ದು. ಅಪ್ಪ ಬೋಗಿ ಎಣಿಸಿದರು. ನೂರು ದಾಟಿದ ಮೇಲೆ ಬಿಟ್ಟರು. ಆ ರೈಲು ಇಲ್ಲಿ ನಿಲ್ಲಲಿಲ್ಲ.

ಮೂರನೇ ದಿನ

ಬೆಳಿಗ್ಗೆ ಸೇತುವೆ ದಾಟಿ ಕೆಂಟಕಿ ಕಡೆಯ ಬೆಟ್ಟದ ಸ್ಮಶಾನಕ್ಕೆ ಹೋದೆವು. ಸಿಡ್‌ನ ಸಮಾಧಿ ಅಲ್ಲಿದೆ. ಅವನ ಹೆಣದ ಹಿಂದೆ ಮಳೆಯಲ್ಲಿ ಸಾವಿರಾರು ಜನ ಈ ನದಿ ದಾಟಿದ್ದರು. ಮಂಜು ಇನ್ನೂ ಎದ್ದಿರಲಿಲ್ಲ. ಕೆಳಗೆ ನದಿ ಕಾಣುವುದಿಲ್ಲ, ಸದ್ದು ಮಾತ್ರ.

ವಾಪಸ್ ಬಂದು ಸ್ಟೇಷನ್ ಬೆಂಚಿನಲ್ಲಿ ಕಾಫಿ ಕುಡಿಯುತ್ತಿದ್ದಾಗ ಒಬ್ಬ ಹಿರಿಯರು ಪಕ್ಕಕ್ಕೆ ಬಂದು ಕೂತರು. ಮೂಗಿಗೆ ಆಕ್ಸಿಜನ್ ನಳಿಕೆ, ಕೈಯಲ್ಲಿ ಎಳೆದುಕೊಂಡು ಓಡಾಡುವ ಸಣ್ಣ ಸಿಲಿಂಡರು. ಬ್ಲ್ಯಾಕ್ ಲಂಗ್. ಕಲ್ಲಿದ್ದಲ ದೂಳು ಶ್ವಾಸಕೋಶದಲ್ಲಿ ಕೂತು ಗಟ್ಟಿಯಾಗುವ ರೋಗ. ಎರಡು ಮಾತಿಗೊಮ್ಮೆ ನಿಂತು ಉಸಿರು ಎಳೆದುಕೊಂಡು ಮತ್ತೆ ಮುಂದುವರಿಸುತ್ತಿದ್ದರು. ಆ ನಿಲುಗಡೆಯಲ್ಲಿ ಅಪ್ಪ ಎಲ್ಲೂ ಅವಸರ ಮಾಡಲಿಲ್ಲ, ಮಾತು ತುಂಬಿಸಲಿಲ್ಲ. ಕೆಮ್ಮುವ ತಾತನ ಪಕ್ಕ ಕೂತು ಬೆಳೆದವರಿಗೆ ಅದು ಬರುತ್ತದೆ.

1968ರ ನವೆಂಬರಿನಲ್ಲಿ ಈ ರಾಜ್ಯದ ಫಾರ್ಮಿಂಗ್ಟನ್ ಗಣಿ ಸಿಡಿದು 78 ಜನ ಸತ್ತರು. ಮುಂದಿನ ಫೆಬ್ರವರಿಯಲ್ಲಿ ರಾಜ್ಯದ ಸುಮಾರು 40,000 ಗಣಿ ಕಾರ್ಮಿಕರು ಬ್ಲ್ಯಾಕ್ ಲಂಗ್‌ಗೆ ಪರಿಹಾರ ಕೇಳಿ ಕೆಲಸ ನಿಲ್ಲಿಸಿದರು. ಆ ವರ್ಷದ ಕೊನೆಯೊಳಗೆ ಗಣಿಯ ದೂಳಿಗೆ ಮಿತಿ ಹಾಕುವ ಕಾನೂನು ಇಡೀ ದೇಶಕ್ಕೆ ಬಂತು. ಆ ಮುಷ್ಕರದ ಸಮಯದಲ್ಲಿ ತಾವು ಹುಡುಗ, ಅಪ್ಪನ ಹೆಗಲ ಮೇಲೆ ಕೂತು ಮೆರವಣಿಗೆಗೆ ಹೋಗಿದ್ದೆ ಅಂದರು ಈ ಹಿರಿಯರು. ಆದರೂ ರೋಗ ಹೋಗಿಲ್ಲ. ಒಳ್ಳೆಯ ಪದರಗಳು ಮುಗಿದ ಮೇಲೆ ತೆಳು ಪದರ ಅಗೆಯುವಾಗ ಯಂತ್ರ ಬಂಡೆಯನ್ನೂ ಕೊರೆಯುತ್ತದೆ. ಬಂಡೆಯ ದೂಳು ಕಲ್ಲಿದ್ದಲ ದೂಳಿಗಿಂತ ಕೆಟ್ಟದ್ದು. ಈಗ ನಲವತ್ತು ದಾಟದವರಿಗೂ ಬರುತ್ತಿದೆ.

ಹಿರಿಯರು ಅಪ್ಪನನ್ನು ಕೇಳಿದರು: ನಿಮ್ಮ ಗಣಿಯಲ್ಲಿ ಸೂರಿಗೆ ಆಸರೆಯಾಗಿ ಏನು ಕೊಡುತ್ತಿದ್ದರು? ಮರ, ಅಂದರು ಅಪ್ಪ. ಹಿರಿಯರ ಮುಖ ಅರಳಿತು. ಮರ ಮಾತಾಡುತ್ತೆ, ಅಂದರು. ಭಾರ ಜಾಸ್ತಿಯಾದರೆ ಮರ ಮುಲುಗುತ್ತೆ, ಚಟಚಟ ಅನ್ನುತ್ತೆ. ಓಡಿ ಅಂತ ಹೇಳುತ್ತೆ. ಕಬ್ಬಿಣ ಹಾಗೆ ಹೇಳೋದಿಲ್ಲ. ಅಪ್ಪ ನನ್ನ ಕಡೆ ತಿರುಗಿ, "ತಾತ ಇದನ್ನೇ ಹೇಳ್ತಿದ್ರು. 'ಕಂಬ ಅಳ್ತದೆ' ಅಂತಿದ್ರು" ಅಂದರು.

ಮಧ್ಯಾಹ್ನ ಬ್ಲೇರ್ ಬೆಟ್ಟದ ಕಡೆ ಹೊರಟೆವು. ಸಿಡ್ ಸತ್ತ ಸುದ್ದಿ ಕೇಳಿ ಸುಮಾರು 10,000 ಗಣಿ ಕಾರ್ಮಿಕರು ಬಂದೂಕು ಹಿಡಿದು, ಮೇಟ್‌ವಾನ್ ಇರುವ ಮಿಂಗೋ ಕೌಂಟಿ ಕಡೆ ನಡೆದರು. ಗುರುತಿಗೆ ಕೊರಳಲ್ಲಿ ಕೆಂಪು ಕರ್ಚೀಫು. ಕಪ್ಪು, ಬಿಳಿ, ಇಟಲಿಯವನು ಅನ್ನುವ ಭೇದ ಬಿಟ್ಟು ಒಟ್ಟಿಗೆ. ಲೋಗನ್ ಕೌಂಟಿಯ ಶೆರಿಫ್ ಡಾನ್ ಚಾಫಿನ್, ಬೆಟ್ಟದ ನೆತ್ತಿಯಲ್ಲಿ ಮೆಷಿನ್ ಗನ್ ಇಟ್ಟುಕೊಂಡು ಅವರನ್ನು ತಡೆದ. ಬಾಡಿಗೆ ವಿಮಾನದಿಂದ ನಾಡಬಾಂಬ್ ಹಾಕಿಸಿದ. ಅಮೆರಿಕದ ನೆಲದಲ್ಲೇ, ಅಮೆರಿಕದವರ ಮೇಲೇ. ಕೊನೆಗೆ ಅಧ್ಯಕ್ಷ ಹಾರ್ಡಿಂಗ್ ಸೈನ್ಯ ಕಳಿಸಿದಾಗ ಗಣಿಯವರು ಹೋರಾಟ ನಿಲ್ಲಿಸಿದರು. ಅವರಲ್ಲಿ ಎಷ್ಟೋ ಜನ ಅದೇ ಸೈನ್ಯದಲ್ಲಿ ಮಹಾಯುದ್ಧಕ್ಕೆ ಹೋಗಿ ಬಂದವರು. ತಮ್ಮ ಸೈನಿಕರ ಮೇಲೆ ಗುಂಡು ಹಾರಿಸಲು ಅವರಿಗೆ ಮನಸ್ಸು ಬರಲಿಲ್ಲ. ಯೂನಿಯನ್ ಇಲ್ಲಿ ಗಟ್ಟಿಯಾಗಿ ನೆಲೆಯೂರಲು 1933ರ ತನಕ ಕಾಯಬೇಕಾಯ್ತು.

ಬೆಟ್ಟದ ಮೇಲಿನ ರಸ್ತೆ ಬದಿ ಕಾರು ನಿಲ್ಲಿಸಿದೆ. ಮರ, ಎಲೆ, ಮೌನ. ಈ ಬೆಟ್ಟವನ್ನೇ ಕಡಿದು ಕಲ್ಲಿದ್ದಲು ತೆಗೆಯುವ ಮಾತಿತ್ತು. ಉಳಿಸಬೇಕು ಅಂತ ಜನ ವರ್ಷಗಟ್ಟಲೆ ಹೋರಾಡಿದರು. 2009ರಲ್ಲಿ ರಾಷ್ಟ್ರೀಯ ಚಾರಿತ್ರಿಕ ಸ್ಥಳಗಳ ಪಟ್ಟಿಗೆ ಸೇರಿಸಿದರು, ಬೇಗನೇ ತೆಗೆದೂ ಹಾಕಿದರು, 2018ರಲ್ಲಿ ಮತ್ತೆ ಸೇರಿಸಿದರು. ಅಪ್ಪ ಕೆಜಿಎಫ್‌ನಲ್ಲಿ ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ರಾಶಿಗಳ, ನಮ್ಮ ಸೈನೈಡ್ ದಿಬ್ಬಗಳ ಬಗ್ಗೆ ಮಾತಾಡಿದರು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಗೆಳೆಯರೆಲ್ಲ ಬೆಳಗಿನ ಜಾವದ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗಲು ಶುರುಮಾಡಿದ್ದು, ರಾತ್ರಿ ಒಂಬತ್ತಕ್ಕೆ ಮನೆ ಸೇರುತ್ತಿದ್ದದ್ದು. "ನಮ್ಮೂರಲ್ಲೂ ಒಬ್ಬೊಬ್ಬರ ಮನೇಲಿ ಏನೇನೋ ಇದೆ. ದೀಪ, ಹೆಲ್ಮೆಟ್ಟು. ಕೇಳೋರು ಬೇಕು" ಅಂದರು. ಊರಿಗೆ ಹೋದ ಮೇಲೆ ಯಾರ್ಯಾರ ಮನೆಗೆ ಹೋಗಬೇಕು ಅಂತ ಅಲ್ಲೇ ಹೆಸರು ಹೇಳಲು ಶುರುಮಾಡಿದರು. ಒಂಬತ್ತು ಹೆಸರಾಯ್ತು. ನಾನು ಫೋನಿನಲ್ಲಿ ಬರೆದುಕೊಂಡೆ.

ರಾತ್ರಿ ಬೆಕ್ಲಿ.

ನಾಲ್ಕನೇ ದಿನ

ಬೆಕ್ಲಿಯಲ್ಲಿ 1962ರಿಂದ ಒಂದು ಹಳೇ ಗಣಿಯನ್ನು ಜನರಿಗೆ ನೋಡಲು ತೆರೆದಿದ್ದಾರೆ. ಕರೆದುಕೊಂಡು ಹೋಗುವವರು ಗಣಿಯಲ್ಲೇ ದುಡಿದು ನಿವೃತ್ತರಾದವರು. ಸಣ್ಣ ಬೋಗಿಯಲ್ಲಿ ಕೂರಿಸಿ ಬೆಟ್ಟದೊಳಗೆ ಕರೆದುಕೊಂಡು ಹೋಗುತ್ತಾರೆ. ಒಳಗೆ ವರ್ಷ ಪೂರ್ತಿ 14 ಡಿಗ್ರಿ. ಅಪ್ಪ ಮಫ್ಲರ್ ಸುತ್ತಿಕೊಂಡು ಮುಂದಿನ ಸಾಲಿನಲ್ಲೇ ಕೂತರು. ಎಪ್ಪತ್ತೆರಡು ವರ್ಷದಲ್ಲಿ ಅವರು ಗಣಿಯೊಳಗೆ ಹೋಗುತ್ತಿರುವುದು ಇದೇ ಮೊದಲು. ತಾತ ಒಂದು ದಿನವೂ ಕರೆದುಕೊಂಡು ಹೋಗಿರಲಿಲ್ಲ. ನೀನು ನೋಡೋದೇ ಬೇಡ, ಅಂದಿದ್ದರಂತೆ.

ನಡುವೆ ಒಂದು ಕಡೆ ಗೈಡ್ ದೀಪ ಆರಿಸಿದರು. ಕಣ್ಣು ಬಿಟ್ಟರೂ ಒಂದೇ, ಮುಚ್ಚಿದರೂ ಒಂದೇ. ಪಕ್ಕದಲ್ಲಿ ಅಪ್ಪ ಉಸಿರಾಡುವುದು ಕೇಳುತ್ತಿತ್ತು. ದೀಪ ಬಂದಾಗ ಅವರು ಮೇಲಿನ ಮರದ ತೊಲೆಯನ್ನೇ ನೋಡುತ್ತಿದ್ದರು.

ಆಮೇಲೆ ಗೈಡ್ ಜೇಬಿನಿಂದ ಒಂದು ಹಿತ್ತಾಳೆ ಬಿಲ್ಲೆ ತೆಗೆದು ಅಪ್ಪನ ಕೈಗೆ ಕೊಟ್ಟರು. ಎಂಟಾಣೆಗಿಂತ ಸ್ವಲ್ಪ ದೊಡ್ಡದು. ಮೇಲೆ ದಾರ ಪೋಣಿಸಲು ತೂತು, ನಡುವೆ ಒಂದು ನಂಬರು. ತುಂಬಿದ ಡಬ್ಬಿ ಗಾಡಿಗೆ ಇದನ್ನು ತಗುಲಿಸಿದರೆ ಯಾರು ತುಂಬಿದ್ದು ಅಂತ ಹೊರಗೆ ಗೊತ್ತಾಗುತ್ತಿತ್ತು. ಒಳಗೆ ಹೋಗುವಾಗ ಹೊರಗಿನ ಬೋರ್ಡಿನಲ್ಲೂ ಒಂದು ಬಿಲ್ಲೆ ಇಟ್ಟು ಹೋಗಬೇಕು. ಸಂಜೆ ಬೋರ್ಡಿನಲ್ಲಿ ಬಿಲ್ಲೆ ಉಳಿದಿದ್ದರೆ ಆ ಮನುಷ್ಯ ಇನ್ನೂ ಒಳಗಿದ್ದಾನೆ ಅಂತ. ಅಪ್ಪ ಹೆಬ್ಬೆರಳಿನಿಂದ ಆ ನಂಬರನ್ನು ಸವರಿದರು. ನಮ್ಮ ತಾತನ ಬಿಲ್ಲೆ ಬಂಗಾರಪೇಟೆ ಮನೆಯ ದೇವರ ಗೂಡಿನಲ್ಲಿದೆ, ಕುಂಕುಮದ ಬಟ್ಟಲ ಪಕ್ಕ.

"ಟೂ ಸೆವೆನ್ ಒನ್ ಫೋರ್" ಅಂದರು ಅಪ್ಪ, ಗೈಡ್ ಮುಖ ನೋಡಿ. "ಮೈ ಫಾದರ್."

ಗೈಡ್ ತಮ್ಮ ನಂಬರು ಹೇಳಿದರು. ಆಮೇಲೆ ತಮ್ಮ ಅಪ್ಪನ ನಂಬರೂ ಹೇಳಿದರು.

ವಾಪಸ್ ದಾರಿಯಲ್ಲಿ ಅಮ್ಮನ ಪುಳಿಯೋಗರೆಯ ಎರಡನೇ ಡಬ್ಬಿ ತೆಗೆದೆವು. ನಾಲ್ಕು ದಿನ ಆಗಿತ್ತು, ಹೋಟೆಲಿನ ಫ್ರಿಜ್ಜಿನಲ್ಲಿಟ್ಟು ಕಾಪಾಡಿದ್ದೆ. ಅಪ್ಪ ತಿಂದು, ಕೊನೆಗೆ ಎರಡು ತುತ್ತು ಬಿಟ್ಟು ಮುಚ್ಚಳ ಹಾಕಿದರು.

"ಯಾಕೆ, ಸಾಕಾಯ್ತಾ ಅಪ್ಪ?"

"ಇರ್ಲಿ, ಮಗುಗೆ" ಅಂದರು. ಸುರಂಗ ಬರುತ್ತಿತ್ತು. ನಾನು ಹೆಡ್‌ಲೈಟ್ ಹಾಕಿದೆ.